ಮೊದಲ ಮುದ್ರಣದಲ್ಲಿದ್ದ ಪದ್ಯ

ನಮ್ಮ ಗ್ರಂಥಾಲಯದ ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ಕೂತು, ಇಪ್ಪತ್ತೊಂಬತ್ತು ವರ್ಷ ಹರಿದ ಪುಸ್ತಕಗಳಿಗೆ ಬೆನ್ನು ಕಟ್ಟಿದವಳು ಅಂಟಕ್ಕ. ಅವಳ ನಿಜವಾದ ಹೆಸರು ಹಾಜರಿ ಪುಸ್ತಕ ಬಿಟ್ಟು ಇನ್ನೆಲ್ಲೂ ಬಳಕೆಯಾಗಲಿಲ್ಲ. ಬೆರಳ ಸಂದಿಯಲ್ಲಿ ಸದಾ ಒಣಗಿದ ಅಂಟು, ಅದನ್ನು ಉಗುರಿನಿಂದ ಕೆರೆಯುತ್ತಲೇ ಮಾತಾಡುವ ಅಭ್ಯಾಸ. ಯಾರೋ ಒಮ್ಮೆ ಅಂಟಕ್ಕ ಎಂದರು, ಹೆಸರೂ ಅಂಟಿಕೊಂಡಿತು. ನಾನು ಕೌಂಟರಿನಲ್ಲಿ ಕೂತು ಪುಸ್ತಕ ಕೊಡುವವಳು. ಹರಿದದ್ದನ್ನು ಅವಳ ಕೋಣೆಗೆ ಒಯ್ದು ಕೊಡುವುದು, ವಾಸಿಯಾದದ್ದನ್ನು ತರುವುದು, ನಡುವೆ ಒಂದು ಲೋಟ ಚಹಾ. ಹೀಗೆ ಹನ್ನೆರಡು ವರ್ಷ ಅವಳ ಜೊತೆ ಕಳೆದೆ. ಮುಂದಿನ ಕಥೆಯಲ್ಲಿ ಸ್ವಲ್ಪ ನಾನೇ ನೋಡಿದ್ದು. ಮಿಕ್ಕದ್ದನ್ನು ಅವಳೇ ಹೇಳಿದ್ದು, ತನ್ನ ತಪ್ಪನ್ನು ಒಂಚೂರೂ ಮುಚ್ಚಿಕೊಳ್ಳದೆ.

ಹದಿನೇಳನೆಯ ವಯಸ್ಸಿಗೆ ಅಂಟಕ್ಕ ಒಂದು ಸಣ್ಣ ಅಚ್ಚುಕೂಟದಲ್ಲಿ ಹಾಳೆ ಮಡಚುವ ಕೆಲಸಕ್ಕೆ ಸೇರಿದ್ದಳು. ಬಿಲ್ ಪುಸ್ತಕ, ಶಾಲೆಯ ಪ್ರಶ್ನೆಪತ್ರಿಕೆ, ಕರಪತ್ರಗಳ ನಡುವೆ ಆಗೊಮ್ಮೆ ಈಗೊಮ್ಮೆ ಯಾರಾದರೂ ನವ್ಯ ಕವಿಯ ತೆಳ್ಳನೆಯ ಸಂಕಲನ ಬರುತ್ತಿತ್ತು. ಇನ್ನೂರೈವತ್ತೋ ಮುನ್ನೂರೋ ಪ್ರತಿ, ಅಗ್ಗದ ಕಾಗದ, ಎರಡು ಬಣ್ಣದ ಮುಖಪುಟ. ಹದಿನಾರು ಪುಟ ಒಂದೇ ದೊಡ್ಡ ಹಾಳೆಯಲ್ಲಿ ಅಚ್ಚಾಗುವುದರಿಂದ, ಮಡಚುವ ಮೊದಲು ಒಂದನೆಯ ಪುಟದ ಪಕ್ಕ ಹದಿನಾರನೆಯದು ಇರುತ್ತದೆ, ಅರ್ಧ ಪುಟಗಳು ತಲೆಕೆಳಗಾಗಿರುತ್ತವೆ. ಅಂಟಕ್ಕ ನವ್ಯ ಕಾವ್ಯವನ್ನು ಮೊದಲು ಓದಿದ್ದು ಹಾಗೆ. ಮಡಚಿ ಸರಿಯಾದ ಕ್ರಮದಲ್ಲಿ ಓದಿದ ಮೇಲೂ ಅಷ್ಟೇ ಅರ್ಥವಾಯಿತು ಎಂದು ಅವಳು ನಗುತ್ತಿದ್ದಳು. ಆದರೆ ಬಿಡಲಿಲ್ಲ. ಬಸ್ ನಿಲ್ದಾಣದ ಬೆಂಚು, ಆಸ್ಪತ್ರೆಯ ಟೋಕನ್, ಕೆಟ್ಟು ನಿಂತ ಫ್ಯಾನು, ಇಂಥವೂ ಪದ್ಯದೊಳಗೆ ಬರಬಹುದೆಂಬುದು ಆ ಹುಡುಗಿಗೆ ಹೊಸ ಸುದ್ದಿಯಾಗಿತ್ತು. ತನ್ನ ಮನೆಯಲ್ಲಿರುವ ಸಾಮಾನಿನ ಬಗ್ಗೆ ಯಾರೋ ಇಷ್ಟು ಗಂಭೀರವಾಗಿ ಯೋಚಿಸಿದ್ದಾರೆ ಅನ್ನಿಸುತ್ತಿತ್ತಂತೆ.

ಗ್ರಂಥಾಲಯಕ್ಕೆ ಬಂದ ಮೇಲೆ ಅವಳಿಗೆ ಸಂಗ್ರಹದ ಹುಚ್ಚು ಹತ್ತಿತು. ಆ ಕಾಲದ ಸಂಕಲನಗಳ ಮೊದಲ ಮುದ್ರಣ ಮಾತ್ರ ಅವಳಿಗೆ ಬೇಕು. ಮರುಮುದ್ರಣವಾಗುವಾಗ ಕವಿಗಳು ಬುದ್ಧಿವಂತರಾಗಿಬಿಡುತ್ತಾರೆ, ಮೊದಲು ಬರೆದದ್ದಕ್ಕೆ ನಾಚಿಕೊಂಡು ತಿದ್ದುತ್ತಾರೆ, ನನಗೆ ನಾಚಿಕೆಗಿಂತ ಮುಂಚಿನದು ಬೇಕು ಎನ್ನುತ್ತಿದ್ದಳು. ಗ್ರಂಥಾಲಯ ರದ್ದು ಮಾಡಿ ತೂಕಕ್ಕೆ ಹಾಕುವ ರಾಶಿಯಿಂದ, ಹಳೆ ಪುಸ್ತಕದ ಅಂಗಡಿಯಿಂದ, ಮನೆ ಖಾಲಿ ಮಾಡುವವರ ಜಗಲಿಯಿಂದ ಒಂದೊಂದಾಗಿ ಹೆಕ್ಕಿ ತಂದಳು. ಅವಳ ಗಂಡ ಮೋಟಾರು ವೈಂಡಿಂಗ್ ಮಾಡುವವನು, ಸಾಧು ಮನುಷ್ಯ. ಹೆಂಡತಿಗೆಂದು ಗಾಜಿನ ಬಾಗಿಲಿನ ಬೀರು ತಾನೇ ಕೂತು ಮಾಡಿಕೊಟ್ಟ. ಈ ಕವಿಗಳು ಸಾಲನ್ನು ಪೂರ್ತಿ ಬರೆಯುವುದೇ ಇಲ್ಲ, ಅರ್ಧಕ್ಕೇ ಬಿಟ್ಟು ಎದ್ದು ಹೋಗುತ್ತಾರೆ, ಕಾಗದ ದಂಡ ಎಂದು ಅವನು ತಮಾಷೆ ಮಾಡುತ್ತಿದ್ದ. ಆದರೂ ಬೀರುವಿನ ಮೇಲೆ ದೂಳು ಕಂಡರೆ ಮೊದಲು ಬಟ್ಟೆ ಹಿಡಿಯುತ್ತಿದ್ದವನು ಅವನೇ.

ಬೀರುವಿನಲ್ಲಿ ನೂರಾ ಹದಿನೆಂಟು ಪುಸ್ತಕಗಳಾದವು. ಒಂದೇ ಒಂದು ಕೈಗೆ ಸಿಕ್ಕಿರಲಿಲ್ಲ. ಅದು ಭೂಗೋಳ ಕಲಿಸುತ್ತಿದ್ದ ಒಬ್ಬ ಮೇಷ್ಟ್ರ ಮೊದಲ ಸಂಕಲನ. ಮೇಷ್ಟ್ರು ಇಪ್ಪತ್ತಾರನೆಯ ವಯಸ್ಸಿನಲ್ಲಿ ಅಚ್ಚು ಹಾಕಿಸಿದ್ದು. ಅರ್ಧದಷ್ಟು ಪ್ರತಿಗಳು ಸೋರುವ ಉಗ್ರಾಣದಲ್ಲಿ ನೆಂದು ಮುದ್ದೆಯಾಗಿದ್ದವು. ಹನ್ನೆರಡು ವರ್ಷದ ನಂತರ ತಿದ್ದಿದ ಎರಡನೆಯ ಮುದ್ರಣ ಬಂತು, ಎಲ್ಲ ಕಡೆ ಸಿಗುವುದು ಅದೇ. ಮೊದಲನೆಯದನ್ನು ಅಂಟಕ್ಕ ಹತ್ತೊಂಬತ್ತು ವರ್ಷ ಹುಡುಕಿದಳು. ಅಷ್ಟರಲ್ಲಿ ಮೇಷ್ಟ್ರು ತೀರಿಕೊಂಡೂ ಆಗಿತ್ತು.

ಒಂದು ಬುಧವಾರ ಬೆಳಿಗ್ಗೆ ಅದೇ ಪುಸ್ತಕ ತಾನಾಗಿ ನಡೆದುಕೊಂಡು ಅವಳ ಕೋಣೆಗೆ ಬಂತು.

ತಂದವರು ಮೇಷ್ಟ್ರ ಹೆಂಡತಿ. ಎಪ್ಪತ್ನಾಲ್ಕು ವರ್ಷ, ನೆಟ್ಟಗಿನ ಬೆನ್ನು, ದೊಡ್ಡ ಆಸ್ಪತ್ರೆಯಲ್ಲಿ ನರ್ಸ್ ಆಗಿ ನಿವೃತ್ತಿಯಾದವರು. ಊರಿನಲ್ಲಿ ಎಲ್ಲರಿಗೂ ಅವರು ನರ್ಸಮ್ಮ. ಹೊರಗಿನವರ ಪುಸ್ತಕ ನಾವು ರಿಪೇರಿಗೆ ತೆಗೆದುಕೊಳ್ಳುವುದಿಲ್ಲ, ಆದರೆ ಗಂಡನ ಪುಸ್ತಕಗಳನ್ನೆಲ್ಲ ಅವರು ಗ್ರಂಥಾಲಯಕ್ಕೆ ದಾನ ಕೊಟ್ಟಿದ್ದರಿಂದ ನಮ್ಮ ಸಾಹೇಬರು ಒಪ್ಪಿದ್ದರು. ಆ ಒಂದನ್ನು ಮಾತ್ರ ಅವರು ತಮ್ಮ ಹತ್ತಿರ ಇಟ್ಟುಕೊಂಡಿದ್ದರು. ಬೆನ್ನು ಬಿಟ್ಟಿತ್ತು, ಹೊಲಿಗೆ ಸಡಿಲವಾಗಿತ್ತು, ಅಂಚಿನಲ್ಲಿ ಹುಳ ನಾಲ್ಕೈದು ತೂತು ಕೊರೆದಿತ್ತು. ಒಳಗೆ ಒಂದು ಅಕ್ಷರಕ್ಕೂ ಏನೂ ಆಗಿರಲಿಲ್ಲ.

“ನಿಧಾನವಾಗಿ ಮಾಡಿ, ಅವಸರ ಇಲ್ಲ” ಎಂದರು ನರ್ಸಮ್ಮ. “ಇದರಲ್ಲಿ ಒಂದು ಪದ್ಯ ನಂದು. ನಾನು ಬರೆದಿದ್ದಲ್ಲ, ನನ್ನ ಮೇಲೆ ಬರೆದಿದ್ದು.”

ಅಂಟಕ್ಕ ತಲೆಯಾಡಿಸಿದಳು. ಪುಸ್ತಕವನ್ನು ಮೇಜಿನ ಮೇಲಿಟ್ಟು ಮೊದಲು ಮುದ್ರಣದ ವರ್ಷ ನೋಡಿದಳಂತೆ.

ಅದನ್ನು ಸರಿ ಮಾಡಲು ಅವಳಿಗೆ ಒಂದು ಮಧ್ಯಾಹ್ನ ಸಾಕಿತ್ತು, ಸರಿಯಾಗಿಯೇ ಮಾಡಿದಳು. ಮಾಡಿ ಮುಗಿಸಿ, ಕೈಚೀಲಕ್ಕೆ ಹಾಕಿಕೊಂಡು ಮನೆಗೆ ಹೋದಳು, ಬೀರುವಿನಲ್ಲಿಟ್ಟು ಗಾಜಿನ ಬಾಗಿಲು ಎಳೆದಳು. ಒಂದು ವಾರ ಇರಲಿ, ನೋಡಿಕೊಂಡು ಕೊಟ್ಟರಾಯಿತು ಅಂದುಕೊಂಡಳು. ವಾರ ಕಳೆಯುವಷ್ಟರಲ್ಲಿ ಅವಳ ಮನಸ್ಸು ತನಗೆ ಬೇಕಾದ ಮಾತುಗಳನ್ನೆಲ್ಲ ಜೋಡಿಸಿಕೊಟ್ಟಿತ್ತು. ಆ ಮುದುಕಿಯ ಮನೆಯಲ್ಲಿ ಇದು ಹುಳಕ್ಕೇ ತುತ್ತು. ಅವರಾದ ಮೇಲೆ ಮಗಳು ರದ್ದಿಗೆ ಹಾಕುತ್ತಾಳೆ. ಓದುವುದಕ್ಕೆ ಪದ್ಯಗಳಿದ್ದರೆ ಸಾಕಲ್ಲ, ಎರಡನೆಯ ಮುದ್ರಣದಲ್ಲೂ ಹೆಚ್ಚೂಕಡಿಮೆ ಅವೇ ಇವೆ. ಹಾಗಂತ ಎರಡನೆಯ ಮುದ್ರಣದ ಒಳ್ಳೆ ಪ್ರತಿಯೊಂದನ್ನು ಹುಡುಕಿ, ಹಸಿರು ಬಟ್ಟೆಯ ರಟ್ಟು ಕಟ್ಟಿ, ಬೆನ್ನಿನ ಮೇಲೆ ಮೇಷ್ಟ್ರ ಹೆಸರನ್ನು ಬಂಗಾರದ ಬಣ್ಣದಲ್ಲಿ ಒತ್ತಿದಳು. ತನ್ನ ಜೀವಮಾನದಲ್ಲೇ ಅಷ್ಟು ಅಂದವಾಗಿ ಇನ್ನೊಂದು ಪುಸ್ತಕ ಕಟ್ಟಿರಲಿಲ್ಲ ಎನ್ನುತ್ತಿದ್ದಳು ಆಮೇಲೆ, ಮುಖ ಆಚೆ ತಿರುಗಿಸಿಕೊಂಡು.

ನರ್ಸಮ್ಮ ಬಂದಾಗ, ಬಿಚ್ಚಿದ ಕೂಡಲೇ ಹಳೆಯ ಪುಸ್ತಕದ ಹಾಳೆಗಳು ಕೈಯಲ್ಲೇ ಪುಡಿಯಾದವು, ಉಳಿಸಿಕೊಳ್ಳಲಾಗಲಿಲ್ಲ, ಅದರ ಬದಲಿಗೆ ಇದು, ಎಂದಳು. ನರ್ಸಮ್ಮ ಹಸಿರು ರಟ್ಟನ್ನು ಸವರಿ, ಇಷ್ಟು ಕಷ್ಟಪಟ್ಟಿರಲ್ಲ ಎಂದು ಅವಳಿಗೇ ಸಮಾಧಾನ ಹೇಳಿ ಹೋದರು.

ಹದಿನೈದು ದಿನಕ್ಕೆ ಮತ್ತೆ ಬಂದರು, ಈ ಸಲ ಮಗಳ ಜೊತೆ. ಮಗಳು ಹೈಸ್ಕೂಲಿನಲ್ಲಿ ಗಣಿತ ಕಲಿಸುವವಳು, ತಾಯಿಯೂ ಅವಳೂ ಒಂದೇ ಮನೆಯಲ್ಲಿದ್ದರು. ಅಂಟಕ್ಕ ಆಗ ಕೌಂಟರಿನ ಹತ್ತಿರ ನಿಂತು ನನ್ನ ಜೊತೆ ಮಾತಾಡುತ್ತಿದ್ದಳು. ಹಾಗಾಗಿ ಇದನ್ನು ನಾನೇ ಕೇಳಿಸಿಕೊಂಡೆ.

“ಇದರಲ್ಲಿ ಆ ಪದ್ಯ ಇಲ್ಲ” ಎಂದರು ನರ್ಸಮ್ಮ. “ನಾನು ಕೆಲಸ ಮುಗಿಸಿ ಬೆಳಿಗ್ಗೆ ಮನೆಗೆ ಬರೋದರ ಮೇಲೆ ಬರೆದಿದ್ದು. ಮೂರು ಸಲ ಹುಡುಕಿದೆ.”

ಅಂಟಕ್ಕನಿಗೆ ಅದು ಗೊತ್ತಿರಲಿಲ್ಲ. ಎರಡನೆಯ ಮುದ್ರಣದಲ್ಲಿ ಮೇಷ್ಟ್ರು ಮೂರು ಪದ್ಯ ಕೈಬಿಟ್ಟಿದ್ದಾರೆಂದು ಓದಿದ್ದಳು, ಯಾವುವು ಎಂದು ತಾಳೆ ನೋಡಿರಲಿಲ್ಲ. ಆ ಕ್ಷಣದಲ್ಲಿ ಹೌದು, ಅದು ಹಳೆಯದರಲ್ಲಿತ್ತು ಎಂದರೆ, ಪುಡಿಯಾದ ಆ ಹಾಳೆಗಳನ್ನಾದರೂ ಕೊಡಿ ಎನ್ನುತ್ತಿದ್ದರು, ಎಲ್ಲವೂ ಹೊರಗೆ ಬರುತ್ತಿತ್ತು. ಅವಳು ಬೆರಳ ಸಂದಿಯ ಅಂಟು ಕೆರೆಯತೊಡಗಿದಳು.

“ಎರಡೂ ಒಂದೇ ಅಮ್ಮ” ಎಂದಳು. “ಅದರಲ್ಲೂ ಅಂಥ ಪದ್ಯ ಇರಲಿಲ್ಲ. ಬೇರೆ ಎಲ್ಲೋ ಓದಿದ್ದು ನಿಮಗೆ ಕಲಸಿಹೋಗಿರಬೇಕು.”

ನರ್ಸಮ್ಮ ಅವಳ ಮುಖವನ್ನೇ ನೋಡಿದರು. ಆಮೇಲೆ ಮಗಳ ಮುಖ ನೋಡಿದರು. ಅಪ್ಪನ ಪದ್ಯಗಳನ್ನು ಯಾವತ್ತೂ ಓದಿರದ ಮಗಳು ತಾಯಿಯ ತೋಳು ಹಿಡಿದು, ಹೋಗಲಿ ಬಿಡಮ್ಮ ಎಂದಳು. ಬಾಗಿಲ ತನಕ ಹೋದವಳು ಒಂದು ನಿಮಿಷ ಒಬ್ಬಳೇ ವಾಪಸು ಬಂದು, ತೊಂದರೆಯಾಯಿತು, ಏನೂ ಅಂದುಕೊಳ್ಳಬೇಡಿ, ಅಮ್ಮನಿಗೆ ವಯಸ್ಸಾಯಿತು ಎಂದು ಅಂಟಕ್ಕನ ಕ್ಷಮೆ ಕೇಳಿದಳು. ಅಂಟಕ್ಕ, ಪರವಾಗಿಲ್ಲ ಅಂದಳು. ನಾನೂ ಪಾಪ ಅಂದೆ. ನನಗೇನು ಗೊತ್ತು.

ಆರು ತಿಂಗಳಾಯಿತು. ಮಗಳು ಒಮ್ಮೆ ತನ್ನ ಪುಸ್ತಕಗಳನ್ನು ಹಿಂದಿರುಗಿಸಲು ಬಂದಾಗ ಅಂಟಕ್ಕ ಎದುರಾದಳು, ಅಮ್ಮ ಹೇಗಿದ್ದಾರೆ ಎಂದು ಬಾಯಿಮಾತಿಗೆ ಕೇಳಿದಳು. ಮಗಳಿಗೆ ಯಾರಲ್ಲಾದರೂ ಹೇಳಿಕೊಳ್ಳಬೇಕಾಗಿತ್ತೋ ಏನೋ, ಅಲ್ಲೇ ನಿಂತು ಎಲ್ಲವನ್ನೂ ಹೇಳಿದಳು. ಅಮ್ಮ ಆ ಪದ್ಯವನ್ನು ಹುಡುಕುವುದು ನಿಲ್ಲಿಸಲೇ ಇಲ್ಲವಂತೆ. ಪೆಟ್ಟಿಗೆ ತೆಗೆಯುವುದು, ಹಳೆಯ ಪತ್ರಗಳನ್ನು ಹರಡುವುದು, ಇತ್ತು ಇತ್ತು ಎನ್ನುವುದು. ಇಲ್ಲದ ಪದ್ಯದ ಸಾಲುಗಳನ್ನೂ ಹೇಳುತ್ತಾಳೆ, ನಮಗೆ ಹೆದರಿಕೆಯಾಯಿತು, ಡಾಕ್ಟರಿಗೆ ತೋರಿಸಿದೆವು ಎಂದಳು. ಇಲ್ಲದ್ದನ್ನು ಇದೆ ಎಂದು ನಂಬುವುದು ಮರೆವಿನ ಕಾಯಿಲೆಯ ಶುರುವಿನಲ್ಲಿ ಇರಬಹುದು ಎಂದರಂತೆ ಅವರು. ಮಾತ್ರೆ ಕೊಟ್ಟರು. ಒಬ್ಬರನ್ನೇ ಹೊರಗೆ ಕಳಿಸುವುದು ಬೇಡವೆಂದಾಯಿತು. ಒಲೆ ಹಚ್ಚುವುದು ಬೇಡವೆಂದಾಯಿತು. ಮೊದಮೊದಲು ಅಮ್ಮ ಜಗಳವಾಡಿದಳು. ಈಗ ಇಲ್ಲ.

“ಈಗ ಅವಳೇ ಹೇಳ್ತಾಳೆ, ನನ್ನ ತಲೆ ನಂಬಬೇಡ ಅಂತ” ಎಂದಳು ಮಗಳು. “ಊಟ ಆಯ್ತಾ ಅಂದರೂ ನನ್ನ ಕೇಳಿ ಹೇಳ್ತಾಳೆ. ನಲವತ್ತು ವರ್ಷ ವಾರ್ಡಿಗೆ ವಾರ್ಡೇ ನೋಡಿಕೊಂಡವಳು.”

ಅಂಟಕ್ಕ ಅವತ್ತು ಮಧ್ಯಾಹ್ನ ರಜೆ ಬರೆದು ಮನೆಗೆ ಹೋದಳು. ಹೋಗಿ ಬೀರುವಿನ ಮುಂದೆ ನಿಂತಳು. ವಿಚಿತ್ರವೆಂದರೆ, ಹತ್ತೊಂಬತ್ತು ವರ್ಷ ಹುಡುಕಿದ ಆ ಪುಸ್ತಕವನ್ನು ಅವಳು ಒಂದು ಸಲವೂ ಕೂತು ಓದಿರಲಿಲ್ಲ. ಕೈಗೆತ್ತಿಕೊಂಡಾಗಲೆಲ್ಲ ಮುದ್ರಣದ ವರ್ಷ ನೋಡಿ, ಹೊಲಿಗೆ ನೋಡಿ, ತಿರುಗಿ ಇಟ್ಟುಬಿಡುತ್ತಿದ್ದಳು. ಈಗ ಪುಟ ತಿರುಗಿಸಿದಳು. ಇಪ್ಪತ್ತಮೂರನೆಯ ಪುಟದಲ್ಲಿ ಪದ್ಯ ಇತ್ತು. ಪಾಳಿ ಮುಗಿಸಿದವಳು ಎಂಬ ತಲೆಬರಹ ಕಂಡದ್ದೇ ಅವಳಿಗೆ ಮುಂದೆ ಓದಲಾಗಲಿಲ್ಲ. ಪುಸ್ತಕ ಮುಚ್ಚಿದಳು.

ಅಂದಿನಿಂದ ಅವಳ ಕೆಲಸ ತಪ್ಪತೊಡಗಿತು. ಮುಖಪುಟ ತಲೆಕೆಳಗಾಗಿ ಅಂಟಿಸಿದಳು, ಒಂದು ನಿಘಂಟಿನ ಅರ್ಧಕ್ಕೆ ಇನ್ನೊಂದರ ಅರ್ಧ ಸೇರಿಸಿ ಹೊಲಿದಳು. ನಾನು ಮೈಯಲ್ಲಿ ಹುಷಾರಿಲ್ಲವೇ ಎಂದು ಕೇಳಿದರೆ ಕಣ್ಣು ತಪ್ಪಿಸಿದಳು. ಅಂಚೆಯಲ್ಲಿ ಹೆಸರಿಲ್ಲದೆ ಕಳಿಸಿಬಿಡೋಣ ಎಂದು ಪುಸ್ತಕಕ್ಕೆ ಕಾಗದ ಸುತ್ತಿದಳು, ವಿಳಾಸವನ್ನೂ ಬರೆದಳು. ಆ ಪೊಟ್ಟಣವನ್ನು ನಾಲ್ಕು ದಿನ ಚೀಲದಲ್ಲಿಟ್ಟುಕೊಂಡು ಅಂಚೆ ಡಬ್ಬಿಯ ಮುಂದೆಯೇ ಓಡಾಡಿದಳು. ಐದನೆಯ ದಿನ ಗಂಡ ಕೇಳಿಯೇಬಿಟ್ಟ, ಏನು ಹೊತ್ತುಕೊಂಡು ತಿರುಗುತ್ತಿದ್ದೀಯ ಎಂದು. ಅವಳು ಹೇಳಿದಳು. ಹೇಳುವಾಗ ಅವನು ಸುರುಳಿ ಸುತ್ತುತ್ತಿದ್ದ ತಾಮ್ರದ ತಂತಿಯನ್ನು ಕೆಳಗಿಟ್ಟನಂತೆ. ಅವನು ಕೆಲಸದ ನಡುವೆ ತಂತಿ ಬಿಟ್ಟಿದ್ದನ್ನು ಅವಳು ಅದುವರೆಗೆ ನೋಡಿರಲಿಲ್ಲ.

“ಪುಸ್ತಕ ಅಂಚೆಯಲ್ಲಿ ಹೋಗುತ್ತೆ” ಎಂದ. “ಮಗಳ ಎದುರಿಗೆ ನೀನು ಆಡಿದ ಮಾತು ಹೋಗುತ್ತಾ?”

ಅಷ್ಟು ಹೇಳಿ ಮತ್ತೇನೂ ಅನ್ನಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು ಅವಳಿಗೆ.

ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಅಂಟಕ್ಕ ನರ್ಸಮ್ಮನ ಮನೆಗೆ ಹೋದಳು. ಗಂಡ ಬರುತ್ತೇನೆಂದರೂ ಬೇಡ ಅಂದಳು. ಎರಡನೆಯ ಮಹಡಿ, ಬಾಗಿಲ ಪಕ್ಕ ಹಾಲಿನ ಚೀಲ ತೂಗುಹಾಕುವ ಮೊಳೆ, ಒಳಗೆ ಮಗಳು ತಿದ್ದುತ್ತಿದ್ದ ಉತ್ತರಪತ್ರಿಕೆಗಳ ಕಟ್ಟು. ನರ್ಸಮ್ಮ ಕಿಟಕಿಯ ಹತ್ತಿರ ಕುರ್ಚಿಯಲ್ಲಿದ್ದರು. ಅಂಟಕ್ಕನನ್ನು ನೋಡಿ, ಇವರು ಯಾರೆಂದು ನನಗೆ ಗೊತ್ತು ಎಂಬಂತೆ ಬಾಯಿ ತೆರೆದವರು, ಸರಿಯೋ ತಪ್ಪೋ ಎಂದು ಮಗಳ ಕಡೆ ತಿರುಗಿದರು.

ಕೂರಿ ಎಂದರೂ ಅಂಟಕ್ಕ ಕೂರಲಿಲ್ಲ. ಚೀಲದಿಂದ ಪುಸ್ತಕ ತೆಗೆದು ಇಬ್ಬರ ನಡುವಿನ ಮೇಜಿನ ಮೇಲಿಟ್ಟಳು.

“ಇದು ಪುಡಿಯಾಗಲಿಲ್ಲ. ನಾನೇ ಇಟ್ಟುಕೊಂಡಿದ್ದೆ” ಎಂದಳು. “ಪದ್ಯ ಇದೆ. ಅಮ್ಮನಿಗೆ ಏನೂ ಕಲಸಿರಲಿಲ್ಲ. ಅದು ನನ್ನ ಸುಳ್ಳು.”

ಮಗಳು ಪುಸ್ತಕ ತೆಗೆದುಕೊಂಡು ಪುಟ ಹುಡುಕಿದಳು. ಮೊದಲು ಮನಸ್ಸಿನಲ್ಲೇ ಓದಿದಳು. ಜೋರಾಗಿ ಓದು ಎಂದರು ನರ್ಸಮ್ಮ. ಮಗಳು ಓದತೊಡಗಿದಳು, ತಾಯಿಯೂ ಜೊತೆಗೆ ಹೇಳತೊಡಗಿದರು. ಚಪ್ಪಲಿ ಕೈಯಲ್ಲಿ ಹಿಡಿದು ಸದ್ದಿಲ್ಲದೆ ಬರುವವಳು ಎಂಬಲ್ಲಿಯವರೆಗೆ ಇಬ್ಬರ ದನಿ ಒಂದೇ ಆಗಿತ್ತು. ಮುಂದಿನ ಸಾಲಿನಲ್ಲಿ ಬೇರೆಯಾಯಿತು.

“ನನ್ನ ನಿದ್ದೆಗೂ ಜ್ವರ ನೋಡುತ್ತಾಳೆ” ಎಂದರು ನರ್ಸಮ್ಮ.

“ಇಲ್ಲಿ ಸ್ವರ ಅಂತ ಇದೆ ಅಮ್ಮ” ಎಂದಳು ಮಗಳು. “ನಿದ್ದೆಗೂ ಸ್ವರ ನೋಡುತ್ತಾಳೆ.”

ನರ್ಸಮ್ಮನ ಮುಖ ಇಳಿದುಹೋಯಿತು. ಹಾಗಾದರೆ ಅಷ್ಟು ಮಟ್ಟಿಗೆ ತಪ್ಪಿದ್ದೇನೆ, ಡಾಕ್ಟರು ಹೇಳಿದ್ದು ಸುಳ್ಳಲ್ಲ ಎಂದು ಮೆಲ್ಲಗೆ ಅಂದರು. ಅಂಟಕ್ಕ ತಡೆಯಲಾರದೆ ಮುಂದೆ ಬಂದು, ಪುಸ್ತಕದ ಕೊನೆಯ ಪುಟ ತೆರೆದು, ರಟ್ಟಿಗೆ ಅಂಟಿದ್ದ ಬೆರಳಗಲದ ಚೀಟಿಯನ್ನು ತೋರಿಸಿದಳು. ಆ ಕಾಲದಲ್ಲಿ ಅಚ್ಚಿನ ಮೊಳೆ ಜೋಡಿಸುವವರ ಕೈತಪ್ಪಿನಿಂದ ಅಕ್ಷರ ಬದಲಾದರೆ ಹೀಗೊಂದು ಚೀಟಿ ಅಚ್ಚು ಹಾಕಿ ಕೊನೆಗೆ ಅಂಟಿಸುತ್ತಿದ್ದರು. ಅದರಲ್ಲಿ, ಇಪ್ಪತ್ತಮೂರನೆಯ ಪುಟದಲ್ಲಿ ಸ್ವರ ಎಂದಿರುವಲ್ಲಿ ಜ್ವರ ಎಂದು ಓದಿಕೊಳ್ಳಬೇಕು ಎಂದಿತ್ತು.

“ತಪ್ಪಿದ್ದು ಪುಸ್ತಕ. ನೀವಲ್ಲ” ಎಂದಳು.

ಮಗಳು ಎದ್ದು ಅಡುಗೆಮನೆಗೆ ಹೋದಳು. ಅಲ್ಲಿ ನಲ್ಲಿಯ ನೀರು ಸುಮಾರು ಹೊತ್ತು ಸುರಿಯಿತು. ಕೋಣೆಯಲ್ಲಿ ಇಬ್ಬರೇ ಉಳಿದಾಗ ನರ್ಸಮ್ಮ ಮಾತಾಡಿದರು. ಗಂಡ ಆ ಪದ್ಯವನ್ನು ಎರಡನೆಯ ಮುದ್ರಣದಲ್ಲಿ ಬಿಟ್ಟದ್ದು ತನಗೆ ಗೊತ್ತೇ ಇರಲಿಲ್ಲ ಎಂದರು. ಆ ಮುದ್ರಣವನ್ನು ತಾನು ಯಾವತ್ತೂ ತೆರೆದು ನೋಡಿರಲಿಲ್ಲ, ತನ್ನ ಪ್ರತಿ ತನ್ನ ಹತ್ತಿರ ಇತ್ತಲ್ಲ. ಯಾವನೋ ವಿಮರ್ಶಕ ಗೆಳೆಯ ಇದು ತೀರಾ ಮೆತ್ತಗಾಯಿತು, ನವ್ಯದವರು ಹೀಗೆ ಬರೆಯಬಾರದು ಅಂದಿದ್ದನ್ನು ಕೇಳಿದ ನೆನಪು. ಅವನ ಮಾತು ಕೇಳಿಬಿಟ್ಟರೇನೋ. ಇಷ್ಟು ವರ್ಷವಾದ ಮೇಲೆ ಇದೊಂದು ಗೊತ್ತಾಗಬೇಕಿತ್ತೇ ಎಂದು ಸ್ವಲ್ಪ ನಕ್ಕರು. ಆಮೇಲೆ ನಗು ನಿಲ್ಲಿಸಿದರು.

“ಪುಸ್ತಕ ಕೇಳಿದ್ದರೆ ಕೊಡ್ತಿದ್ದೆನೋ ಏನೋ, ಪದ್ಯ ಬರೆದುಕೊಂಡು” ಎಂದರು. “ನೀವು ತಗೊಂಡಿದ್ದು ಅದಲ್ಲ. ಆರು ತಿಂಗಳು ನಾನು ನನ್ನ ಮಗಳಿಗೇ ಹೆದರಿದೀನಿ. ಇನ್ನು ಹೊರಡಿ. ಇಲ್ಲಿಗೆ ಬರಬೇಡಿ.”

ಅಂಟಕ್ಕ ಮೆಟ್ಟಿಲಿಳಿದು ಬಂದಳು. ಸೋಮವಾರ ಸಾಹೇಬರ ಕೋಣೆಗೆ ಹೋಗಿ ತಾನೇ ಎಲ್ಲವನ್ನೂ ಒಪ್ಪಿಸಿದಳು. ಅವರಿಗೆ ನಂಬಲಿಕ್ಕೇ ಆಗಲಿಲ್ಲ, ಸುಮ್ಮನೆ ಯಾಕೆ ಬಾಯಿ ಬಿಡುತ್ತೀರಿ, ದೂರು ಬಂದಿಲ್ಲವಲ್ಲ ಎಂದೂ ಹೇಳಿ ನೋಡಿದರು. ಅವಳು ಬರೆದು ಕೊಟ್ಟಳು. ಒಂದು ಎಚ್ಚರಿಕೆಯ ಪತ್ರ ಬಂತು, ಆ ವರ್ಷದ ಸಂಬಳದ ಬಡ್ತಿ ನಿಂತಿತು. ವಿಶೇಷ ಅನುಮತಿಯ ಮೇಲೆ ಹೊರಗಿನವರ ಪುಸ್ತಕ ಅವಳ ಕೋಣೆಗೆ ಹೋಗುವುದೂ ನಿಂತಿತು. ನನಗೂ ಆಗಲೇ ಹೇಳಿದ್ದು. ನರ್ಸಮ್ಮನನ್ನು ನೋಡಿ ನಾನೂ ಪಾಪ ಅಂದಿದ್ದೆನಲ್ಲ. ಕೆಲವು ದಿನ ನಾನು ಅವಳಿಗೆ ಮುಖ ಕೊಟ್ಟು ಮಾತಾಡಲಿಲ್ಲ. ಅವಳು ಅದನ್ನು ತಪ್ಪೆಂದು ತಿಳಿಯಲಿಲ್ಲ.

ಆಮೇಲೆ ಅವಳು ಬೀರುವಿನ ಪುಸ್ತಕಗಳನ್ನೆಲ್ಲ ನೆಲಕ್ಕಿಳಿಸಿದಳು. ಒಂದೊಂದೂ ಎಲ್ಲಿಂದ ಹೇಗೆ ಬಂತೆಂದು ಗಂಡನಿಗೆ ಹೇಳುತ್ತ ಎರಡು ರಾಶಿ ಮಾಡಿದಳು. ಎರಡನೆಯ ರಾಶಿಯಲ್ಲಿ ಒಂಬತ್ತಿದ್ದವು. ಓದಿ ಕೊಡುತ್ತೇನೆಂದು ತಂದು ಕೊಡದೆ ಉಳಿಸಿಕೊಂಡದ್ದು, ಇದಕ್ಕೇನೂ ಬೆಲೆಯಿಲ್ಲ ಎಂದು ಸುಳ್ಳು ಹೇಳಿ ಪಡೆದದ್ದು, ಇನ್ನೂ ಓದಲು ಬರುವಂತಿದ್ದರೂ ರದ್ದಿನ ಪಟ್ಟಿಗೆ ತಾನೇ ಸೇರಿಸಿದ್ದು. ಒಂಬತ್ತನ್ನೂ ಒಂದೊಂದಾಗಿ ಹಿಂದಿರುಗಿಸಲು ವರ್ಷ ಹಿಡಿಯಿತು. ಒಬ್ಬ ನಿವೃತ್ತ ವಕೀಲರು, ನನ್ನ ಹತ್ತಿರ ಇಂಥ ಪುಸ್ತಕ ಇರಲೇ ಇಲ್ಲ, ನಿಮಗೆ ಮರೆವು ಎಂದು ಅವಳ ಜೊತೆಯೇ ವಾದಿಸಿದರಂತೆ. ಒಳಗೆ ಅವರದೇ ಸಹಿ ಇತ್ತು. ಅವಳು ಸಹಿ ತೋರಿಸಿ ಕೊಟ್ಟು ಬಂದಳು, ನಗಲಿಲ್ಲ. ಮಿಕ್ಕ ನೂರಾ ಒಂಬತ್ತನ್ನು ಗ್ರಂಥಾಲಯಕ್ಕೆ ಬರೆದುಕೊಟ್ಟಳು, ಅವು ಈಗ ಮಹಡಿಯ ಮೇಲೆ, ಬಂದವರು ಕೂತು ಓದುವ ಕೋಣೆಯಲ್ಲಿವೆ. ಗಂಡ ಖಾಲಿ ಬೀರುವನ್ನು ಏನು ಮಾಡೋಣ ಎಂದು ಕೇಳಲಿಲ್ಲ. ತನ್ನ ಮೀಟರು, ಇಕ್ಕಳಗಳನ್ನು ತಂದು ಜೋಡಿಸಿಕೊಂಡ.

ಅವಳು ನಿವೃತ್ತಳಾದ ಮೇಲೆ, ಹೋದ ವರ್ಷ, ಕಣ್ಣಿನ ಆಸ್ಪತ್ರೆಯ ಮುಂದಿನ ಬಸ್ ನಿಲ್ದಾಣದಲ್ಲಿ ನರ್ಸಮ್ಮ ಸಿಕ್ಕರು. ಒಬ್ಬರೇ ಬಂದಿದ್ದರು. ಅಂಟಕ್ಕ ದೂರ ಸರಿಯಲು ನೋಡಿದಳು, ಬೆಂಚಿನಲ್ಲಿ ಬೇರೆ ಜಾಗವಿರಲಿಲ್ಲ. ಸ್ವಲ್ಪ ಹೊತ್ತಿಗೆ ನರ್ಸಮ್ಮ ರಸ್ತೆ ನೋಡುತ್ತಲೇ ಮಾತಾಡಿದರು. ಮಾತ್ರೆ ನಿಲ್ಲಿಸಿದ್ದಾರೆ, ಮರೆವಿನ ಕಾಯಿಲೆ ಇಲ್ಲವೆಂದು ಡಾಕ್ಟರೇ ಹೇಳಿದರು, ಅಡುಗೆ ನಾನೇ ಮಾಡುತ್ತೇನೆ ಎಂದರು. ಆದರೆ ಈಗಲೂ ಬಾಗಿಲು ಹಾಕಿ ನಾಲ್ಕು ಹೆಜ್ಜೆ ಬಂದ ಮೇಲೆ ಹಿಂದೆ ಹೋಗಿ ಒಲೆ ಆರಿಸಿದ್ದೇನೆಯೇ ಎಂದು ನೋಡುತ್ತೇನೆ, ಮೊದಲು ಈ ಅಭ್ಯಾಸ ಇರಲಿಲ್ಲ ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ.

“ಆ ಪದ್ಯ ಓದಿದ್ರಾ ಕಡೆಗೆ?” ಎಂದು ನರ್ಸಮ್ಮ ಕೇಳಿದರು.

“ನಿಮ್ಮ ಮಗಳು ಓದಿದಾಗ ಕೇಳಿದ್ದೇ. ಆಮೇಲೆ ಮರೀಲಿಲ್ಲ.”

“ಹೇಗಿದೆ?”

ಸುಳ್ಳು ಹೇಳಿ ಸಾಕಾಗಿತ್ತು ಅವಳಿಗೆ. “ಚೆನ್ನಾಗಿದೆ. ಕೊನೇ ಎರಡು ಸಾಲು ಬೇಡವಾಗಿತ್ತು. ನಿಮ್ಮನ್ನ ದೀಪ ಗೀಪ ಅಂದುಬಿಟ್ಟಿದಾರೆ.”

“ನಂಗೂ ಹಾಗೇ ಅನಿಸಿತ್ತು” ಎಂದರು ನರ್ಸಮ್ಮ. “ಅವರಿಗೆ ಹೇಳಿರಲಿಲ್ಲ. ದೀಪ ಆಗೋಕೆ ನಂಗೆಲ್ಲಿತ್ತು ಪುರುಸೊತ್ತು.”

ಬಸ್ಸು ಬಂತು. ಅವರು ಹತ್ತಿ ಹೋದರು, ಹೋಗಿ ಬರುತ್ತೇನೆ ಎನ್ನಲಿಲ್ಲ, ತಿರುಗಿ ನೋಡಲೂ ಇಲ್ಲ.

ಇಷ್ಟು ಮಾತಾಯಿತೆಂದು ಅಂಟಕ್ಕ ಮನೆಯಲ್ಲಿ ಒಂದು ವಾರ ಬಾಯಿ ಬಿಡಲಿಲ್ಲವಂತೆ. ಹೇಳಿದರೆ ಗಂಡ, ಬಿಡು, ಅವರು ಅದನ್ನೆಲ್ಲ ಮರೆತರು ಎಂದುಬಿಡುತ್ತಾನೆ. ಹಾಗೆ ಅವನು ಅನ್ನುವುದೂ ಅವಳಿಗೆ ಬೇಕಿರಲಿಲ್ಲ, ಅದನ್ನು ಕೇಳಿ ತನಗೆ ಹಗುರವಾಗುವುದೂ ಬೇಕಿರಲಿಲ್ಲ.